ದನದ ಡಾಕ್ಟರು ಇಟ್ಟ ಸುಳಿ

ಹೋದ ಸೋಮವಾರ ದೇವರ ಮುಂದೆ ಬಾಗಿ ಬತ್ತಿ ಸರಿ ಮಾಡುವಾಗ ನನ್ನ ಮುಂದಲೆಯ ನಾಲ್ಕು ಬಿಳಿಕೂದಲು ಚರ್ರೆಂದು ಸುಟ್ಟವು. ಒಳಗಿದ್ದ ಸೊಸೆ ಓಡಿ ಬಂದು, "ಏನ್ ಸುಟ್ಟಿತ್ರೀ ಅತ್ತಿ?" ಅಂದಳು. ಏನೂ ಇಲ್ಲ ಅಂದೆ. ಆದರೆ ಕೂದಲು ಸುಟ್ಟ ಆ ವಾಸನೆ ಮಧ್ಯಾಹ್ನದ ಊಟದವರೆಗೂ ಮೂಗು ಬಿಟ್ಟು ಹೋಗಲಿಲ್ಲ. ರೊಟ್ಟಿ ಮುರಿದರೂ ಅದೇ, ಮಜ್ಜಿಗೆ ಕುಡಿದರೂ ಅದೇ. ಆ ವಾಸನೆಯ ಜೊತೆ ನನ್ನದು ನಲವತ್ತು ವರ್ಷಕ್ಕೂ ಹಿಂದಿನ ಜಗಳ. ಅದು ಬಂದಾಗಲೆಲ್ಲ ದನದ ಡಾಕ್ಟರು ಬಂದು ನಮ್ಮ ಹಳೆಯ ಮನೆಯ ಅಂಗಳದಲ್ಲಿ ನಿಲ್ಲುತ್ತಾರೆ.

ನಾನು ಮುದಗಲ್ಲಿನಿಂದ ಮಸ್ಕಿಗೆ ಸೊಸೆಯಾಗಿ ಬಂದ ಮೂರನೆಯ ವರ್ಷದ ಮಾತು. ನಿಜಾಮರ ಆಳಿಕೆ ಹೋಗಿ ಆಗಲೇ ನಾಲ್ಕೈದು ವರ್ಷವಾಗಿದ್ದರೂ ಲಿಂಗಸುಗೂರಿನ ಕಚೇರಿಗಳಲ್ಲಿ ಇನ್ನೂ ಉರ್ದುವೇ ನಡೆಯುತ್ತಿತ್ತು. ಅಲ್ಲಿನ ದನದ ದವಾಖಾನೆಗೆ ಹೈದರಾಬಾದಿನಿಂದ ಬಂದವರು ಇವರು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು, ನಮ್ಮೊಂದಿಗೆ ಎರಡನ್ನೂ ಕಲಸಿದ ಕನ್ನಡ. ಸೈಕಲ್ಲನ್ನು ಬಸ್ಸಿನ ನೆತ್ತಿಗೆ ಕಟ್ಟಿಸಿಕೊಂಡು ಮಸ್ಕಿಗೆ ಬಂದಿಳಿದು, ಅಲ್ಲಿಂದ ಹಳ್ಳಿಹಳ್ಳಿ ತುಳಿಯುತ್ತಿದ್ದರು. ಒಣಕಲು ಮೈ, ಖಾಕಿ ಕೋಟು, ಮೂಗಿನ ತುದಿಯಲ್ಲೇ ಸಿಟ್ಟು. "ದನ ಸತ್ತ ಮ್ಯಾಲ ನನ್ನ ಕರೀತೀರಿ. ಅಳಾಕ ನಾ ಬರಬೇಕೇನು?" ಎಂದು ರೈತರನ್ನು ಬೈಯುತ್ತಲೇ ತೋಳು ಮಡಚುತ್ತಿದ್ದರು. ಬೈಗುಳಕ್ಕೆ ಯಾರೂ ಬೇಸರಪಡುತ್ತಿರಲಿಲ್ಲ, ಕೈ ಚಲೋ ಇತ್ತು. ನಮ್ಮ ಮಾವನ ಜೋಡೆತ್ತಿನಲ್ಲಿ ಒಂದಕ್ಕೆ ಗಂಟಲಬೇನೆ ಬಂದು ಉಸಿರು ಕಟ್ಟಿದಾಗ ಎರಡು ದಿನ ನಮ್ಮ ಅಂಗಳದಲ್ಲೇ ಕೂತು ಬದುಕಿಸಿದ್ದರು.

ಅವರಿಗೊಂದು ಹುಚ್ಚಿತ್ತು. ಯಾವ ಮನೆಗೆ ಹೋದರೂ, ಮದ್ದು ಕೊಟ್ಟು ಕೈ ತೊಳೆಯುವಾಗ ಒಂದೇ ಪ್ರಶ್ನೆ: ಅವಳಿ ಹಾಕಿದ ಆಕಳು ಎಲ್ಲಾದರೂ ಇದೆಯೇ? ಒಂದು ಹೋರಿ, ಒಂದು ಹೆಣ್ಣು, ಹಂಗಿರಬೇಕು. ಜನ ಹಿಂದಿನಿಂದ "ಅವಳಿ ಡಾಕ್ಟ್ರು" ಎಂದು ನಗುತ್ತಿದ್ದರು. ನಮ್ಮ ಕಡೆ ಅವಳಿ ಕರುಗಳನ್ನು ಒಂದೇ ಸೂರಿನ ಕೆಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಗಿಣ್ಣದ ಹಾಲು ಮುಗಿಯುವುದರೊಳಗೆ ಒಂದನ್ನು ಮಠಕ್ಕೋ ಬೀಗರ ಮನೆಗೋ ಹೊಡೆದುಬಿಡಬೇಕು, ಇಲ್ಲದಿದ್ದರೆ ಮನೆಗೆ ಆಗುವುದಿಲ್ಲ ಅನ್ನುವ ಭಯ. ಹಾಗಾಗಿ ಡಾಕ್ಟರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಜೋಡಿ ಒಡೆದಿರುತ್ತಿತ್ತು. ದಢೇಸುಗೂರಿನಲ್ಲಿ ಒಂದು ಆಕಳು ಅವಳಿ ಹಾಕಿತೆಂದು ಕೆಸರುಗದ್ದೆಯ ಬದುವಿನ ಮೇಲೆ ಸೈಕಲ್ ಹೊತ್ತು ನಡೆದುಹೋದರೆ, ಹೆಣ್ಣುಕರು ಹಿಂದಿನ ದಿನವೇ ಹೊಳೆ ದಾಟಿ ಹೋಗಿತ್ತಂತೆ. ಮುದಗಲ್ಲಿನಲ್ಲೂ ಅದೇ ಕತೆ. ಬಸ್ಸು ಕೆಟ್ಟು ನಿಂತದ್ದಕ್ಕೆ ಅರ್ಧ ದಿನ ತಡವಾಯಿತು, ಅರ್ಧ ದಿನಕ್ಕೆ ಒಂದು ವರ್ಷ ಹೋಯಿತು. ಇದನ್ನೆಲ್ಲ ಅವರೇ ನಮ್ಮ ಕಟ್ಟೆಯ ಮೇಲೆ ಕೂತು, ಬೆಲ್ಲ ನೀರು ಕುಡಿಯುತ್ತ ಹಲ್ಲು ಕಡಿದು ಹೇಳಿದ್ದು.

ಆ ಶ್ರಾವಣದಲ್ಲಿ ನಮ್ಮ ಬಿಳಿ ಆಕಳೇ ಅವಳಿ ಹಾಕಿತು. ಒಂದು ಹೋರಿ, ಒಂದು ಹೆಣ್ಣು. ಎರಡೂ ಬಿಳಿ, ಎರಡಕ್ಕೂ ಬೂದು ಕಿವಿ. ಅತ್ತೆ ಗಿಣ್ಣ ಕಾಯಿಸಲು ಇಡುತ್ತಲೇ ಹೆಣ್ಣುಕರುವನ್ನು ಯಾವ ಮಠಕ್ಕೆ ಬಿಡುವುದೆಂದು ಮಾವನ ಜೊತೆ ಮಾತು ತೆಗೆದಿದ್ದರು. ನನ್ನ ಕಂಕುಳಲ್ಲಿ ನಾಲ್ಕು ತಿಂಗಳ ಮಗ. ನಾನು ಮಾವನೆದುರು ನಿಂತು ಮಾತಾಡಿದವಳೇ ಅಲ್ಲ. ಅವತ್ತು ಮಾತ್ರ ಅದೆಲ್ಲಿಂದ ಧೈರ್ಯ ಬಂತೋ, ಬಾಗಿಲ ಮರೆಯಿಂದಲೇ, "ಎತ್ತು ಉಳಿಸಿದವ್ರಿಗೆ ಒಂದು ಮಾತು ತಿಳಿಸಿ ಆಮ್ಯಾಲ ಕಳಸ್ರಿ ಮಾವ" ಅಂದೆ. ಮಾವ ಲಿಂಗಸುಗೂರಿಗೆ ಹೋಗುವ ಬಸ್ಸಿನ ಡ್ರೈವರನ ಬಳಿ ಸುದ್ದಿ ಕಳಿಸಿದರು. ಸಂಜೆಯ ಬಸ್ಸಿಗೆ ಡಾಕ್ಟರು ಬಂದಿಳಿದರು. ದನದ ಮನೆಯೊಳಗೆ ಹೊಕ್ಕವರು ಎರಡು ಕರುಗಳ ನಡುವೆ ಮಂಡಿಯೂರಿ ಕೂತು, ಒಂದೊಂದರ ಮೇಲೆ ಒಂದೊಂದು ಕೈಯಿಟ್ಟುಕೊಂಡು, ಏಳಲೇ ಇಲ್ಲ.

ಯಾಕೆ ಈ ಹುಚ್ಚೆಂದು ಅವತ್ತೇ ಹೇಳಿದರು. ಅವರ ತಂಗಿ ಹೈದರಾಬಾದಿನಲ್ಲಿ ಸ್ಟೋವ್ ಹೊತ್ತಿಕೊಂಡು ಸುಟ್ಟುಕೊಂಡಿದ್ದಳಂತೆ. ಸುಟ್ಟ ಎದೆ ಮುಚ್ಚಲು ಅಣ್ಣನಾದ ಇವರ ತೊಡೆಯ ಚರ್ಮ ತೆಗೆದು ಹಚ್ಚಿದರಂತೆ. "ಹತ್ತಿತಮ್ಮ. ನಾವೆಲ್ಲ ಖುಷಿ ಆದ್ವಿ. ಹತ್ತನೇ ದಿನಕ್ಕ ಕರ್ರಗಾಯ್ತು, ಹನ್ನೆರಡಕ್ಕ ಕಳಚಿ ಬಿತ್ತು. ಇನ್ನೊಮ್ಮೆ ಕೊಟ್ಟೆ. ಎರಡನೇದು ಅಷ್ಟು ದಿನಾನೂ ನಿಲ್ಲಲಿಲ್ಲ. ಆಕಿ ಮೈ ನನ್ನ ಗುರುತು ಇಟ್ಕೊಂಡಿತ್ತು, ಇಂವ ಬ್ಯಾರೇದವ ಅಂತ." ತಂಗಿ ಉಳಿಯಲಿಲ್ಲ. ಒಡಹುಟ್ಟಿದವರ ಚರ್ಮವೇ ಒಗ್ಗದಿದ್ದರೆ ಇನ್ಯಾರದು ಒಗ್ಗಬೇಕು ಎನ್ನುವುದು ಅವರನ್ನು ಅಲ್ಲಿಂದ ಕೊರೆಯುತ್ತಿತ್ತು.

ದನದಲ್ಲಿ ಮಾತ್ರ ಅವಳಿಗಳು ತಾಯಿಯ ಹೊಟ್ಟೆಯಲ್ಲೇ ರಕ್ತ ಹಂಚಿಕೊಂಡಿರುತ್ತವೆ, ಹುಟ್ಟುವ ಮೊದಲೇ ಇದರ ಮೈಗೆ ಅದರ ಪರಿಚಯ ಆಗಿರುತ್ತದೆ, ಆದ್ದರಿಂದ ಒಂದರ ಚರ್ಮ ಇನ್ನೊಂದಕ್ಕೆ ಖಾಯಂ ಹತ್ತಬೇಕು. ಇದು ಅವರ ನಂಬಿಕೆ. ಅತ್ತೆ ಒಲೆಯ ಮುಂದಿನಿಂದಲೇ, "ಹೋರಿ ಜೋಡಿ ಹುಟ್ಟಿದ ಹೆಣ್ಣಗರು ಯಾವಾಗರೆ ಗಬ್ಬ ಆಗ್ಯಾದೇನ್ರಿ? ಅದು ಗೊಡ್ಡ. ಅದರ ರಕ್ತದಾಗ ಅವನ ರಕ್ತ ಇರತೈತಿ" ಅಂದುಬಿಟ್ಟರು. ಡಾಕ್ಟರು ಕೂತಲ್ಲಿಂದ ಎದ್ದೇಬಿಟ್ಟರು. "ಕೇಳಿದ್ರೇನು! ಈ ಅಮ್ಮಗ ಗೊತ್ತದ. ಹೈದರಾಬಾದಿನ ದೊಡ್ಡ ಸಾಹೇಬ್ರಿಗೆ ಗೊತ್ತಿಲ್ಲ!" ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಇದು ಹತ್ತಿತಂದ್ರ ಮೈಗೆ ಕಲಿಸಬಹುದು ಅಂತ ಆಯ್ತು. ಕಲಿಸಬಹುದು ಅಂದ್ರ ನಾಳೆ ಯಾರದೋ ತಂಗಿ ಉಳೀತಾಳ."

ಹೋಳಿ ಹುಣ್ಣಿಮೆಯವರೆಗೆ ಎರಡನ್ನೂ ಇಟ್ಟುಕೊಳ್ಳಲು ಮಾವ ಒಪ್ಪಿದರು. ಕರುಗಳು ಎರಡು ತಿಂಗಳಿನವಾದಾಗ ಡಾಕ್ಟರು ಚೀಲ ತುಂಬಿಕೊಂಡು ಬಂದರು. ಸೂಜಿಮದ್ದು ಚುಚ್ಚಿ, ಹೆಗಲ ಕೂದಲು ಬೋಳಿಸಿ, ರೂಪಾಯಿಯಷ್ಟಗಲ ಚರ್ಮ ಎತ್ತಿ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಕೂಡಿಸಿ ರೇಷ್ಮೆದಾರದಲ್ಲಿ ಹೊಲಿದರು. ಪಕ್ಕದ ಮನೆಯ ಕರುವಿನದೊಂದು ತುಂಡನ್ನೂ ಹೋರಿಗರುವಿನ ಪಕ್ಕೆಗೆ ಹೊಲಿದರು, ಅದು ಬೀಳಬೇಕು, ಇದು ನಿಲ್ಲಬೇಕು ಎಂದು ತೋರಿಸುವುದಕ್ಕೆ. ನಾನು ಕುದಿಸಿದ ನೀರಿನ ತಂಬಿಗೆ ಹಿಡಿದು ಬಗಲಲ್ಲೇ ನಿಂತಿದ್ದೆ. ಒಂದೊಂದು ತುಂಡನ್ನೂ ಇಡುವ ಮುನ್ನ ಅವರು ಅದನ್ನು ಅರ್ಧ ಸುತ್ತು ತಿರುವಿ ಕೂಡಿಸುತ್ತಿದ್ದರು, ಕೂದಲು ಬಾಲದ ಕಡೆಗಲ್ಲದೆ ಕೊಂಬಿನ ಕಡೆಗೆ ಬೆಳೆಯುವ ಹಾಗೆ. "ಎರಡೂ ಬಿಳಿ ಅದಾವಲ್ಲಮ್ಮ. ನಾಳೆ ಯಾರರೆ ಬಂದು, ಇದು ಅದರ ಸ್ವಂತದ್ದೇ ಚರ್ಮ ಅಂದ್ರ? ಕೂದ್ಲ ಉಲ್ಟಾ ಇದ್ರ ಅದೇ ಸಬೂತು." ಸಬೂತು ಅಂದರೆ ಪುರಾವೆ. ಆ ಉರ್ದು ಮಾತನ್ನು ಅವರು ದಿನಕ್ಕೆ ಹತ್ತು ಸಲ ಆಡುತ್ತಿದ್ದರು.

ಉಲ್ಟಾ ಕೂದಲು ಅಂದರೆ ನಮ್ಮಲ್ಲಿ ಏನೆಂದು ನನಗೆ ಗೊತ್ತಿತ್ತು. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಯಾವ ಕೂಸಿಗೆ ಗೊತ್ತಿಲ್ಲ? ದನ ಕೊಳ್ಳುವವನು ಹಲ್ಲು ನೋಡುವ ಮೊದಲು ಸುಳಿ ನೋಡುತ್ತಾನೆ. ಕೂದಲು ತಿರುಗಿ ನಿಂತ ಜಾಗ ಎಲ್ಲಿದೆ, ಹೇಗಿದೆ, ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ ಆ ದನ ಮನೆ ಬೆಳಗುತ್ತದೋ ಮನೆ ತೊಳೆಯುತ್ತದೋ ನಿಶ್ಚಯ. ಹೆಗಲ ಮೇಲೆ ಎದುರುಮುಖದ ಸುಳಿ ಇದ್ದ ಹೋರಿಯನ್ನು ಪುಕ್ಕಟೆ ಕೊಟ್ಟರೂ ಯಾರೂ ಹೊಡೆದುಕೊಂಡು ಹೋಗುವುದಿಲ್ಲ. ಇಷ್ಟು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಇಷ್ಟು ಓದಿದವರು, ಊರೂರಿನ ದನ ಮುಟ್ಟಿದವರು, ಅವರಿಗೆ ತಿಳಿಯದ್ದು ನನಗೇನು ತಿಳಿದೀತು ಅಂದುಕೊಂಡೆ. ನನ್ನ ಬುದ್ಧಿಗೆ ಇವತ್ತಿಗೂ ಮಣ್ಣು ಹಾಕಬೇಕೆನ್ನಿಸುತ್ತದೆ.

ಅವರು ನನಗೊಂದು ನೋಟುಬುಕ್ಕು ಕೊಟ್ಟುಹೋದರು. ದಿನಾ ಬೆಳಿಗ್ಗೆ ನೋಡಿದ್ದನ್ನು ನೋಡಿದ ಹಾಗೆ ಬರೆಯಬೇಕು, ಸುಳ್ಳು ಸಂತೋಷ ಬರೆಯಬಾರದು. ಮುದಗಲ್ಲಿನಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದ್ದು ಮೊದಲ ಸಲ ಉಪಯೋಗಕ್ಕೆ ಬಂತು. ಮಗನಿಗೆ ಹಾಲು ಕುಡಿಸಿ, ಹಾಲು ಕರೆದು, ಗೋದಲಿಯ ಅಂಚಿನ ಮೇಲೆ ನೋಟುಬುಕ್ಕಿಟ್ಟುಕೊಂಡು ಬರೆಯುತ್ತಿದ್ದೆ. 'ಹೆಗಲಿಂದು ಕೆಂಪಗದ. ಮುಟ್ಟಿದರ ಬೆಚ್ಚಗದ.' 'ಪಕ್ಕಿದು ಊದ್ಯಾದ.' ಹನ್ನೊಂದನೆಯ ದಿನ ಪಕ್ಕದ ಮನೆಯ ಕರುವಿನ ತುಂಡು ಒಣಗಿ ಚಕ್ಕೆಯಾಗಿ ಬಿತ್ತು. ಹೆಗಲ ಮೇಲಿನದು ಬೀಳಲಿಲ್ಲ. ಇಪ್ಪತ್ತು ದಿನವಾಯಿತು, ನಲವತ್ತಾಯಿತು. ನುಣುಪಾಗಿ ಬಿಳಿ ಕೂದಲು ಚಿಗುರಿತು, ಕೊಂಬಿನ ಕಡೆ ಮುಖ ಮಾಡಿ. ಅದನ್ನು ಕಂಡ ದಿನ ಡಾಕ್ಟರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ನಾನು ಹೆತ್ತ ಮಗುವಿಗೆ ಹಲ್ಲು ಮೂಡಿದಾಗಲೂ ಅಷ್ಟು ಹಿಗ್ಗಿರಲಿಲ್ಲ ಅಂದರೆ ನಂಬಬೇಕು.

ಅಲ್ಲಿಂದ ಶುರುವಾಯಿತು ಕಾಯುವ ಕರ್ಮ. ಹೈದರಾಬಾದಿನ ಮೇಲಧಿಕಾರಿಗಳಿಗೆ ಬರೆದರು. ಉತ್ತರವಿಲ್ಲ. ಮತ್ತೆ ಬರೆದರು. ಕಾಲುಬೇನೆಗೆ ಮದ್ದು ಹಾಕುವುದು ಬಿಟ್ಟು ಇದೆಂಥ ದರ್ಜಿ ಕೆಲಸ ಎಂದು ಉತ್ತರ ಬಂತಂತೆ. ಮೂರನೆಯ ಕಾಗದಕ್ಕೆ ಒಬ್ಬ ಸಾಹೇಬರು ಬಂದು ಕಣ್ಣಾರೆ ನೋಡುವುದಾಗಿ ಒಪ್ಪಿದರು. ಅವರು ಮೆಚ್ಚಿದರೆ ಡಾಕ್ಟರಿಗೆ ಹೈದರಾಬಾದಿನಲ್ಲಿ ಇದೇ ಕೆಲಸಕ್ಕೆ ಜಾಗ, ಸಲಕರಣೆ ಎಲ್ಲ ಸಿಗುತ್ತಿತ್ತು. ಇಲ್ಲವಾದರೆ ಮತ್ತೆ ಬಸ್ಸಿನ ನೆತ್ತಿ, ಸೈಕಲ್ಲು, ಸತ್ತ ದನ. ಸಾಹೇಬರು ಸಂಕ್ರಾಂತಿಗೆ ಬರುತ್ತೇನೆಂದರು, ಬರಲಿಲ್ಲ. ಶಿವರಾತ್ರಿ ಅಂದರು, ಅದೂ ಹೋಯಿತು. ಪ್ರತಿ ಸಲವೂ ನಾನು ಕರುಗಳನ್ನು ಮೀಯಿಸಿ, ಮೈ ಒರೆಸಿ ನಿಲ್ಲಿಸುತ್ತಿದ್ದೆ. ಪ್ರತಿ ಸಲವೂ ಡಾಕ್ಟರು ಒಬ್ಬರೇ ಬಸ್ಸಿನಿಂದಿಳಿದು ತಲೆ ಅಲ್ಲಾಡಿಸುತ್ತಿದ್ದರು.

ಈ ನಡುವೆ ದನದ ದಲ್ಲಾಲಿಯೊಬ್ಬ ಮಾವನ ಹತ್ತಿರ ಬಂದ. ಹೋರಿಗರುವಿನ ಅಂದ ನೋಡಿ ಖುಷಿಯಾಗಿ ಬೆನ್ನ ಮೇಲೆ ಅಂಗೈ ಸವರಿದ. ಹೆಗಲಿಗೆ ಬಂದ ಕೈ ಅಲ್ಲೇ ನಿಂತಿತು. ಇನ್ನೊಮ್ಮೆ ಸವರಿದ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, "ಗೌಡ್ರ, ಇದನ್ನ ಮನ್ಯಾಗ ಯಾಕ ಇಟ್ಕೊಂಡು ಕುಂತೀರಿ? ಸಣ್ಣ ಕೂಸೈತಿ ಮನ್ಯಾಗ" ಅಂದು ನೀರೂ ಕುಡಿಯದೆ ಹೋದ. ಅತ್ತೆಯ ಮುಖ ಬೂದಿಯಾಯಿತು. ಅದೇ ವಾರ ನನ್ನ ಮಗನಿಗೆ ಜ್ವರ ಬಂತು. ಮೊದಲ ದಿನ ಮೈ ಬೆಚ್ಚಗಿತ್ತು, ಮೂರನೆಯ ದಿನಕ್ಕೆ ಕೂಸು ಕಣ್ಣು ಮೇಲೆ ಮಾಡತೊಡಗಿತು. ಹಾಲು ಮುಟ್ಟಲಿಲ್ಲ.

ಮಾವನಿಗೆ ಎಲ್ಲ ಬಿಡಿಸಿ ಹೇಳಿದೆ. ಅದು ಹುಟ್ಟಿದ ಸುಳಿಯಲ್ಲ, ಡಾಕ್ಟರು ಚರ್ಮ ತಿರುವಿ ಇಟ್ಟದ್ದು, ಗುರುವಾರ ಹೈದರಾಬಾದಿನ ಸಾಹೇಬರು ಈ ಸಲ ನಿಕ್ಕಿಯಾಗಿ ಬರುತ್ತಾರೆ, ಅಲ್ಲಿಯವರೆಗೆ ತಡೆಯಿರಿ. ಮಾವ ಸಿಟ್ಟು ಮಾಡಲಿಲ್ಲ. "ದೇವ್ರು ಇಟ್ರೇನು, ಡಾಕ್ಟ್ರು ಇಟ್ರೇನು ತಂಗಿ? ಸುಳಿ ಸುಳೀನ. ಗುರುವಾರತನಕ ಕೂಸು ತಡೀತೈತೇನು?" ಅಂದರು. ಕೆಟ್ಟ ಸುಳಿಗೆ ನಮ್ಮಲ್ಲಿ ಒಂದೇ ಮದ್ದು, ಕಾದ ಕಬ್ಬಿಣದ ಬರೆ. ಮಂಗಳವಾರ ಬೆಳಿಗ್ಗೆ ಕುಡುಗೋಲು ಕಾಯಿಸಿದರು. ನಮ್ಮ ಮನೆಯವರು ಹಿಂಗಾಲು ಕಟ್ಟಿದರು. ಮುಂದೆ ಹಿಡಿಯಲು ಒಬ್ಬರು ಬೇಕಿತ್ತು, ಆ ಕರುಗಳು ನನ್ನ ಕೈಯೊಂದಕ್ಕೇ ಬಗ್ಗುತ್ತಿದ್ದವು... ನಾನೇ ಹಿಡಿದೆ. ಎರಡರ ಕುತ್ತಿಗೆಯನ್ನೂ ಒಂದಾದ ಮೇಲೊಂದು ಎದೆಗವಚಿಕೊಂಡು ನಾನೇ ಹಿಡಿದೆ. ಯಾರೂ ಬಲವಂತ ಮಾಡಲಿಲ್ಲ. ಅಷ್ಟು ತಿಂಗಳು ನೋಡಿದ್ದನ್ನು ನೋಡಿದ ಹಾಗೆ ಬರೆದವಳು, ಎಲ್ಲ ಗೊತ್ತಿದ್ದವಳು, ಆ ಗಳಿಗೆಯಲ್ಲಿ ನಾನೂ ನಂಬಿಬಿಟ್ಟಿದ್ದೆ. ಕೂದಲು ಸುಟ್ಟ ಹೊಗೆ ಮುಖಕ್ಕೆ ಬಡಿಯಿತು.

ಬುಧವಾರ ಮಗನ ಜ್ವರ ಇಳಿಯಿತು. ಬರೆಯಿಂದ ಇಳಿಯಿತು ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು. ಅದು ತಾನಾಗಿಯೇ ಇಳಿಯುತ್ತಿತ್ತು ಎನ್ನಲು ನನ್ನ ಹತ್ತಿರ ಯಾವ ಪುರಾವೆಯೂ ಇರಲಿಲ್ಲ.

ಗುರುವಾರ ಜೀಪು ಬಂತು. ಟೋಪಿ ಹಾಕಿಕೊಂಡ ಸಾಹೇಬರ ಮುಂದೆ ಮುಂದೆ ಡಾಕ್ಟರು ಹುಡುಗನ ಹಾಗೆ ದಾಪುಗಾಲು ಹಾಕುತ್ತ ದನದ ಮನೆಗೆ ಬಂದರು. ಎರಡು ಕರು, ಎರಡು ಹೆಗಲು, ಎರಡು ಹಸಿಗಾಯ. ಸಾಹೇಬರು ಕರ್ಚೀಫು ಮೂಗಿಗಿಟ್ಟು ನೋಡಿ ಉರ್ದುವಿನಲ್ಲಿ ಏನೋ ಅಂದು ನಕ್ಕರು. ನಾನು ನೋಟುಬುಕ್ಕು ತಂದು ಚಾಚಿದೆ. ಅವರು ಎರಡು ಹಾಳೆ ಮಗುಚಿದರು, ಕನ್ನಡ ಬಾರದು, ಡಾಕ್ಟರ ಕೈಗಿತ್ತು ಜೀಪು ಹತ್ತಿದರು. ಎಲ್ಲ ಸೇರಿ ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಆಗಿರಬಹುದು. ಐದು ತಿಂಗಳ ಕೆಲಸ!

ಡಾಕ್ಟರು ಜೀಪು ಹತ್ತಲಿಲ್ಲ. ಕಟ್ಟೆಯ ಮೇಲೆ ಕೂತರು. ಬೈಯಲಿ, ಕೂಗಾಡಲಿ, ನನ್ನ ಮುಖಕ್ಕೆ ಉಗಿಯಲಿ ಎಂದು ಕಾದೆ. ಅವರು ಕೇಳಿದ್ದು ಇಷ್ಟೇ, "ನಾ ತಿರುವಿ ಇಟ್ಟಾಗ ನೀ ಬಾಜೂಕ ನಿಂತಿದ್ದಿ. ನಿನಗ ಗೊತ್ತಿತ್ತಲ್ಲಮ್ಮ?" ಹೌದೆಂದು ತಲೆ ಆಡಿಸಿದೆ. "ಒಂದ್ ಮಾತು ಹೇಳಬಾರದಾ? ತಿರುವದೇ ಇಟ್ಟು, ಗುರುತಿಗೆ ಅಂಚಿನ್ಯಾಗ ಸಣ್ಣ ಹಚ್ಚೆ ಹಾಕತಿದ್ದೆ." ನನಗೆ ಅಳು ಬಂತು. "ನಿಮಗ ಗೊತ್ತಿರ್ತದ ಅನಕೊಂಡೆ ರೀ." ಅವರು ನೋಟುಬುಕ್ಕಿನ ಅಂಚನ್ನು ಮಡಚುತ್ತ, ಬಿಡಿಸುತ್ತ ಹೇಳಿದರು, "ಗೊತ್ತಿತ್ತು. ಹಳ್ಳ್ಯಾಗ ದಿನಾ ಕೇಳತೀನಿ. ನಾ ಸುಳಿ ನಂಬಲ್ಲ ನೋಡು, ಅದಕ್ಕ ನೆನಪಿಗೇ ಬರಲಿಲ್ಲ."

ಇನ್ನೊಮ್ಮೆ ಮಾಡುತ್ತೇನೆ, ಈ ಸಲ ತಿರುವುವುದಿಲ್ಲ ಎಂದು ಮಾವನನ್ನು ಕೇಳಿದರು. ಮಾವ ಎರಡೂ ಕೈ ಮುಗಿದರು. ಎತ್ತು ಉಳಿಸಿದ ಋಣ ಇದೆ, ಆದರೆ ದನದ ಮನೆ ಬಾಗಿಲು ಇನ್ನು ಮುಟ್ಟಬೇಡಿರಿ ಅಂದರು. ಎರಡೇ ದಿನದಲ್ಲಿ ಹೆಣ್ಣುಕರು ಮಠಕ್ಕೆ ಹೋಯಿತು, ಹೋರಿಗರು ಮುದಗಲ್ ಸಂತೆಗೆ. ಡಾಕ್ಟರು ನೋಟುಬುಕ್ಕು ಕೋಟಿನೊಳಗಿಟ್ಟುಕೊಂಡು ಸಂಜೆಯ ಬಸ್ಸಿಗೆ ಹೋದರು. ಮುಂದೆಯೂ ಮಸ್ಕಿಗೆ ಬರುತ್ತಿದ್ದರು, ಮದ್ದು ಹಾಕುತ್ತಿದ್ದರು, ಬೈಯುತ್ತಿದ್ದರು. ಅವಳಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ರಾಜ್ಯ ಒಡೆದು ನಾವು ಕರ್ನಾಟಕದ ಕಡೆಗಾದಾಗ ಅವರು ಹೈದರಾಬಾದಿನ ಕಡೆ ಬರೆದುಕೊಟ್ಟು ಹೋದರೆಂದು ಯಾರೋ ಹೇಳಿದರು. ನನಗೆ ಹೇಳಿ ಹೋಗಲಿಲ್ಲ. ಯಾಕೆ ಹೇಳಬೇಕು?

ಮೊನ್ನೆ ಬುಧವಾರ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿದ್ದೆ. ನನ್ನ ತಂಗಿಯ ಮಗನಿಗೆ ಅವನ ಅಕ್ಕನ ಕಿಡ್ನಿ ಹಾಕಿದ್ದಾರೆ. ಚಲೋ ಇದ್ದಾನೆ, ಗಂಜಿ ಕುಡಿದ. ಅಲ್ಲೊಬ್ಬ ಡಾಕ್ಟರಮ್ಮ, ಎಳೆಯ ವಯಸ್ಸು, ಅವನ ಗುಳಿಗೆಗಳನ್ನು ನಮಗೆ ವಿವರಿಸುತ್ತಿದ್ದಳು. ಬೇರೆಯವರ ಅಂಗವನ್ನು ಮೈ ಒಲ್ಲೆ ಅನ್ನುತ್ತದೆ, ಅದನ್ನು ತಡೆಯಲು ಇವನ್ನು ಜೀವ ಇರುವವರೆಗೂ ನುಂಗಬೇಕು ಅಂದಳು. ನನಗೆ ತಡೆಯಲಾಗಲಿಲ್ಲ. ಗುಳಿಗೆ ಇಲ್ಲದೆ ಒಪ್ಪಿಕೊಂಡದ್ದನ್ನು ನಾನು ಕಂಡಿದ್ದೇನೆ ಅಂದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಎಲ್ಲ ಕೇಳಿದಳು. ಅವಳಿ ಕರು, ಹನ್ನೊಂದನೆಯ ದಿನ, ಉಲ್ಟಾ ಕೂದಲು. ನಡುವೆ ಎರಡು ಸಲ, "ಯಾವ ವರ್ಷ ಅಂದ್ರಿ ಅಜ್ಜಿ?" ಎಂದು ಕೇಳಿದಳು. ಆ ಕಾಲಕ್ಕೆ ವಿಲಾಯತಿಯವರೂ ಇದರ ಬಾಗಿಲಲ್ಲೇ ನಿಂತಿದ್ದರು ಅಂದಳು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಕಾಗದ ಬಿಡಿಸಿ, "ಅವರ ಹೆಸರು ಹೇಳ್ರಿ ಅಜ್ಜಿ. ಎಲ್ಲರೆ ಏನರೆ ಬರೆದಿಟ್ಟಿದ್ರ ಹುಡುಕಿಸ್ತೀನಿ" ಅಂದಳು.

ನಾನು ಬಾಯಿ ತೆರೆದೆ. ಊರೆಲ್ಲ ದನದ ಡಾಕ್ಟರು ಅನ್ನುತ್ತಿತ್ತು, ನಾನೂ ಅದನ್ನೇ ಅನ್ನುತ್ತಿದ್ದೆ. ದವಾಖಾನೆಯ ಹಲಗೆ ಉರ್ದುವಿನಲ್ಲಿತ್ತು, ನನಗೆ ಓದಲು ಬರುತ್ತಿರಲಿಲ್ಲ. ಐದು ತಿಂಗಳು ಅವರ ಪುಸ್ತಕದಲ್ಲಿ ದಿನವೂ ಬರೆದವಳು ನಾನು, ಒಂದು ಸಲವೂ ಹೆಸರು ಕೇಳಿರಲಿಲ್ಲ... ಆ ಹುಡುಗಿ ಪೆನ್ನು ಕಾಗದದ ಮೇಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ಬಹಳ ಹೊತ್ತು ಕಾದಳು.